ಗೆದ್ದವರೇ ಬೇಡವೆಂದ ಕಪ್: ಗೋರ್ಡನ್ ಬೆನೆಟ್ ರೇಸಿನ ಆರು ವರ್ಷ

ಪ್ರಶ್ನೆ: ಮೊದಲ ಗ್ರ್ಯಾನ್ ಪ್ರಿ ನಡೆದದ್ದು 1906ರಲ್ಲಿ. ಅದಕ್ಕೂ ಮೊದಲು ಯುರೋಪಿನಲ್ಲಿ 'ಗೋರ್ಡನ್ ಬೆನೆಟ್ ಕಪ್' ಎಂಬ ಕಾರ್ ರೇಸ್ ಇತ್ತು ಎಂದು ಓದಿದೆ. ಆರು ಸಲ ನಡೆಯಿತಂತೆ, ನಾಲ್ಕು ಸಲ ಫ್ರಾನ್ಸ್ ಗೆದ್ದಿತಂತೆ. ಕೊನೆಗೆ ಅದನ್ನು ನಿಲ್ಲಿಸಿದ್ದೂ ಫ್ರಾನ್ಸೇ ಅಂತೆ. ಗೆಲ್ಲುತ್ತಿದ್ದವರೇ ಯಾಕೆ ಬೇಡವೆಂದರು? ಆ ರೇಸ್ ಹೇಗಿರುತ್ತಿತ್ತು? ಆ ರಸ್ತೆಗಳನ್ನು ಈಗ ನೋಡಬಹುದೇ?

ಉತ್ತರ: ನೀವು ಓದಿದ್ದೆಲ್ಲ ಸರಿ. ಯಾಕೆ ನಿಲ್ಲಿಸಿದರು ಎಂಬುದಕ್ಕೆ ಚಿಕ್ಕ ಉತ್ತರ ಇದು: ಒಂದು ದೇಶಕ್ಕೆ ಮೂರೇ ಕಾರು ಎಂಬ ನಿಯಮ. ಆ ಕಾಲದಲ್ಲಿ ಕಾರು ತಯಾರಿಕೆಯಲ್ಲಿ ಫ್ರಾನ್ಸೇ ಮುಂದು. ಅಲ್ಲಿ ರೇಸಿಗೆ ತಯಾರಾಗಿದ್ದ ಕಂಪನಿಗಳೇ ಹತ್ತಕ್ಕೂ ಜಾಸ್ತಿ. ಒಂದೋ ಎರಡೋ ಕಂಪನಿ ಇದ್ದ ದೇಶಕ್ಕೂ ಮೂರು ಜಾಗ, ಫ್ರಾನ್ಸಿಗೂ ಮೂರೇ ಜಾಗ. ಜಗಳ ಹುಟ್ಟಿದ್ದು ಅಲ್ಲಿಂದ. ಆದರೆ ಆ ನಿಯಮ ಇಲ್ಲದಿದ್ದರೆ ಕಪ್ಪಿಗೆ ಅರ್ಥವೇ ಇರುತ್ತಿರಲಿಲ್ಲ ಎಂಬುದೂ ನಿಜ. ಇದು ಹೇಗೆ ಎಂದು ತಿಳಿಯಬೇಕಾದರೆ ಮೊದಲಿನಿಂದಲೇ ನೋಡಬೇಕು.

ಜೇಮ್ಸ್ ಗೋರ್ಡನ್ ಬೆನೆಟ್ ಅಮೆರಿಕದವರು, 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆಯ ಮಾಲೀಕರು. ಆಫ್ರಿಕಾದಲ್ಲಿ ಕಣ್ಮರೆಯಾಗಿದ್ದ ಅನ್ವೇಷಕ ಲಿವಿಂಗ್‌ಸ್ಟನ್‌ರನ್ನು ಹುಡುಕಲು ತಮ್ಮ ಪತ್ರಿಕೆಯ ವರದಿಗಾರ ಸ್ಟಾನ್ಲಿಯನ್ನು ಕಳಿಸಿದವರು ಇವರೇ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದರು. ಸುದ್ದಿಯಾಗುವಂಥದ್ದನ್ನು ತಾವೇ ಹುಟ್ಟುಹಾಕಿದರೆ ಪತ್ರಿಕೆ ಖರ್ಚಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1899ರಲ್ಲಿ ಅವರು ಫ್ರಾನ್ಸಿನ ಆಟೊಮೊಬೈಲ್ ಕ್ಲಬ್ಬಿಗೆ ಒಂದು ಬೆಳ್ಳಿಯ ಟ್ರೋಫಿ ಕೊಟ್ಟರು. ಕಾರಿನ ಮೇಲೆ ವಿಜಯ ದೇವತೆ ನಿಂತಿರುವ ಟ್ರೋಫಿ ಅದು.

ಅದಕ್ಕೂ ಮೊದಲಿನ ರೇಸುಗಳಲ್ಲಿ ಗೆಲ್ಲುತ್ತಿದ್ದದ್ದು ಒಬ್ಬ ಚಾಲಕ ಅಥವಾ ಒಂದು ಕಂಪನಿ. ಈ ಕಪ್ಪಿನಲ್ಲಿ ಗೆಲ್ಲಬೇಕಾದದ್ದು ದೇಶ. ಕಾರು ಇಳಿಸುವುದು ಆಯಾ ದೇಶದ ಕ್ಲಬ್, ಅದೂ ಹೆಚ್ಚೆಂದರೆ ಮೂರು. ಕಾರಿನ ಪ್ರತಿಯೊಂದು ಭಾಗವೂ ಅದೇ ದೇಶದಲ್ಲಿ ತಯಾರಾಗಿರಬೇಕು. ಎಂಜಿನ್, ಚಾಸಿ (ಕಾರಿನ ಕೆಳಗಿನ ಚೌಕಟ್ಟು) ಮಾತ್ರವಲ್ಲ, ಟೈರು ಕೂಡ. ಚಾಲಕನ ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕು. ದೂರ 550ರಿಂದ 650 ಕಿಲೋಮೀಟರ್. ಗೆದ್ದ ದೇಶದ ಕ್ಲಬ್ ಮುಂದಿನ ವರ್ಷದ ರೇಸ್ ನಡೆಸಬೇಕು.

ಟೈರಿನ ನಿಯಮವನ್ನು ನೆನಪಿಟ್ಟುಕೊಳ್ಳಿ. ಅದು ಎಷ್ಟು ಬಿಗಿಯಾಗಿತ್ತು ಎಂಬುದು ಮುಂದೆ ಬರುತ್ತದೆ.

ಮೊದಲ ರೇಸ್ 1900ರ ಜೂನ್ 14ರಂದು ಪ್ಯಾರಿಸ್‌ನಿಂದ ಲಿಯೋನ್‌ಗೆ. ಹೊರಟದ್ದು ಐದೇ ಕಾರು. ಫ್ರಾನ್ಸಿನ ಪಾನಾರ್ ಕಂಪನಿಯ ಮೂರು ಕಾರು, ಬೆಲ್ಜಿಯಂನಿಂದ ಚಾಲಕ ಜೆನಾತ್ಸಿ, ಅಮೆರಿಕದಿಂದ ವಿಂಟನ್. ವಿಂಟನ್ ತಾವೇ ತಯಾರಿಸಿದ ಕಾರಿನಲ್ಲಿ ಬಂದಿದ್ದರು. ಮುಟ್ಟಿದ್ದು ಎರಡೇ ಕಾರು, ಎರಡೂ ಫ್ರಾನ್ಸಿನವು. ಗೆದ್ದವರು ಫರ್ನಾಂ ಶರೋಂ. ಗಂಟೆಗೆ ಸುಮಾರು 62 ಕಿಲೋಮೀಟರ್ ಸರಾಸರಿ ವೇಗ.

ಶರೋಂ ಗೆದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲಿಯೋನ್ ಇನ್ನೇನು ಸಮೀಪಿಸಿತು ಎನ್ನುವಾಗ ದೊಡ್ಡ ಸೇಂಟ್ ಬರ್ನಾರ್ಡ್ ನಾಯಿಯೊಂದು ಅಡ್ಡ ಬಂತು. ನಾಯಿ ಮುಂದಿನ ಚಕ್ರಕ್ಕೂ ಸ್ಟಿಯರಿಂಗ್ ಸರಳುಗಳಿಗೂ ನಡುವೆ ಸಿಕ್ಕಿಕೊಂಡಿತು. ಸ್ಟಿಯರಿಂಗ್ ತಿರುಗದು. ಕಾರು ರಸ್ತೆ ಬಿಟ್ಟು, ಚರಂಡಿ ಹಾರಿ, ಮರಗಳ ನಡುವೆ ನುಗ್ಗಿ, ಹೊಲದಲ್ಲಿ ಓಡಿ ಮತ್ತೆ ರಸ್ತೆಗೆ ಬಂದು ನಿಂತಿತು. ಶರೋಂಗೂ ಪಕ್ಕದಲ್ಲಿದ್ದ ಮೆಕ್ಯಾನಿಕ್ ಆಂರಿ ಫೂರ್ನಿಯೇಗೂ ಏನೂ ಆಗಿರಲಿಲ್ಲ. ಆದರೆ ಎಂಜಿನ್ನಿಗೆ ನೀರು ಹರಿಸುವ ಪಂಪು ಜಾಗ ಬಿಟ್ಟು ಕದಲಿತ್ತು. ಆ ಕಾಲದ ಪಂಪು ಎಂಜಿನ್ನಿನ ಫ್ಲೈವೀಲಿಗೆ, ಅಂದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ, ಉಜ್ಜಿಕೊಂಡು ತಿರುಗುತ್ತಿತ್ತು. ತಾಗಿಕೊಂಡಿಲ್ಲದಿದ್ದರೆ ನೀರು ಓಡುವುದಿಲ್ಲ, ಎಂಜಿನ್ ಕಾದು ನಿಂತುಬಿಡುತ್ತದೆ. ಫೂರ್ನಿಯೇ ಕಾರಿನಿಂದ ಹೊರಗೆ ಬಾಗಿ, ಪಂಪನ್ನು ಕೈಯಲ್ಲಿ ಫ್ಲೈವೀಲಿಗೆ ಒತ್ತಿ ಹಿಡಿದುಕೊಂಡೇ ಲಿಯೋನ್ ಮುಟ್ಟಿಸಿದರು. ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕೆಂಬ ನಿಯಮ ಯಾಕಿತ್ತೆಂದು ಇದರಿಂದ ತಿಳಿಯುತ್ತದೆ, ಅಲ್ವಾ? ಮೆಕ್ಯಾನಿಕ್ ಸುಮ್ನೆ ಕೂತು ಬರುವ ಪ್ರಯಾಣಿಕನಲ್ಲ, ಆ ಕಾರು ಓಡುವುದಕ್ಕೆ ಬೇಕಾದವನು.

1901ರ ರೇಸಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪ್ಯಾರಿಸ್–ಬೋರ್ಡೋ ಎಂಬ ದೊಡ್ಡ ರೇಸಿನ ಜೊತೆಗೇ ಕಪ್ಪಿನ ರೇಸನ್ನೂ ನಡೆಸಿದರು. ಕಪ್ಪಿಗೆ ಓಡಿದವರಲ್ಲಿ ಗುರಿ ಮುಟ್ಟಿದ್ದು ಜಿರಾರ್ಡೋ ಒಬ್ಬರೇ. ಇಲ್ಲಿ ಗಮನಿಸಬೇಕಾದದ್ದು ಬ್ರಿಟನ್ನಿನ ಕಥೆ. ಅವರ ನೇಪಿಯರ್ ಕಾರು ಭಾರಿ ತೂಕದ್ದು. ಬ್ರಿಟನ್ನಿನಲ್ಲಿ ಮಾಡಿದ ಟೈರುಗಳು ಅದರ ಭಾರ ತಡೆಯಲಿಲ್ಲ. ಫ್ರಾನ್ಸಿನ ಟೈರು ಹಾಕಿಸಿದರು. ಅಷ್ಟಕ್ಕೇ ಕಾರು ಕಪ್ಪಿನಿಂದ ಹೊರಗೆ ಬಿತ್ತು. ಟೈರಿನ ನಿಯಮ ಅಷ್ಟು ಬಿಗಿ.

ಅದೇ ನೇಪಿಯರ್ ಕಂಪನಿ, ಅದೇ ಚಾಲಕ ಸೆಲ್ವಿನ್ ಎಡ್ಜ್ 1902ರಲ್ಲಿ ಮತ್ತೆ ಬಂದರು. ಈ ಸಲ ಹಗುರವಾದ ಕಾರು, ಹಸಿರು ಬಣ್ಣದ್ದು. ರೇಸ್ ಪ್ಯಾರಿಸ್‌ನಿಂದ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ, ಪ್ಯಾರಿಸ್–ವಿಯೆನ್ನಾ ರೇಸಿನ ಭಾಗವಾಗಿ. ಮಧ್ಯೆ ಸ್ವಿಟ್ಜರ್ಲೆಂಡ್ ಬರುತ್ತದೆ. ಅಲ್ಲಿ ರೇಸಿಗೆ ಒಪ್ಪಿಗೆ ಇರಲಿಲ್ಲ. ಹಾಗಾಗಿ ಆ ದಾರಿಯನ್ನು ಲೆಕ್ಕಕ್ಕೆ ಹಿಡಿಯದೆ ನಿಧಾನವಾಗಿ ದಾಟಿಸಿದರು. ಫ್ರಾನ್ಸಿನ ಕಾರುಗಳು ಒಂದೊಂದಾಗಿ ಕೆಟ್ಟವು. ಮುಂದಿದ್ದ ರನೆ ದ ಕ್ನಿಫ್ ಅವರ ಪಾನಾರ್ ಆರ್ಲ್‌ಬರ್ಗ್ ಘಾಟಿಯಲ್ಲಿ ಕೈಕೊಟ್ಟಿತು. ಹಿಂದೆ ಬರುತ್ತಿದ್ದ ಎಡ್ಜ್ ಅದನ್ನು ದಾಟಿ ಇನ್ಸ್‌ಬ್ರುಕ್ ಮುಟ್ಟಿದರು. ಕಪ್ಪಿನಲ್ಲಿ ಉಳಿದದ್ದು ಅವರೊಬ್ಬರೇ. ಹೀಗೆ ಕಪ್ ಬ್ರಿಟನ್ನಿಗೆ ಹೋಯಿತು.

ಒಬ್ಬರೇ ಮುಟ್ಟಿ ಗೆದ್ದದ್ದು ಗೆಲುವೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಅದು ಪೂರ್ತಿ ಗೆಲುವು. ಆಗಿನ ಕಾರಿಗೆ ವೇಗಕ್ಕಿಂತ ದೊಡ್ಡ ಪರೀಕ್ಷೆ ಮುರಿಯದೆ ಉಳಿಯುವುದು. ಕಲ್ಲು ಹರಡಿದ ರಸ್ತೆ, ಘಾಟಿಯ ಏರು, ಕಾದು ಹೋಗುವ ಬ್ರೇಕು. ಇವನ್ನೆಲ್ಲ ತಾಳಿಕೊಂಡ ಕಾರು ಅದೊಂದೇ.

ಈಗ ಬ್ರಿಟನ್ನಿಗೆ ಪೇಚಾಟ. ಗೆದ್ದಿದ್ದಾರೆ, ರೇಸ್ ನಡೆಸಬೇಕು. ಆದರೆ ಅಲ್ಲಿ ರಸ್ತೆಯ ಮೇಲೆ ರೇಸಿಗೆ ಅವಕಾಶವೇ ಇಲ್ಲ. ಕಾನೂನಿನ ಪ್ರಕಾರ ಕಾರಿನ ವೇಗ ಗಂಟೆಗೆ 14 ಮೈಲಿ ಮೀರುವಂತಿಲ್ಲ, ನಡೆಯುತ್ತಿದ್ದದ್ದು 12 ಮೈಲಿಯ ಮಿತಿ. ಅಂದರೆ 20 ಕಿಲೋಮೀಟರಿಗೂ ಕಡಿಮೆ. ಅವರು ಐರ್ಲೆಂಡಿನತ್ತ ನೋಡಿದರು. ಆಗ ಐರ್ಲೆಂಡ್ ಬ್ರಿಟನ್ನಿನ ಆಳ್ವಿಕೆಯಲ್ಲೇ ಇತ್ತು, ಆದರೆ ರಸ್ತೆಗಳಲ್ಲಿ ಗಾಡಿ ಓಡಾಟ ಕಡಿಮೆ. ಬ್ರಿಟನ್ನಿನ ಆಟೊಮೊಬೈಲ್ ಕ್ಲಬ್ಬಿನ ಕಾರ್ಯದರ್ಶಿ ಕ್ಲಾಡ್ ಜಾನ್ಸನ್ ಐರ್ಲೆಂಡಿನ ಸಂಸದರಿಗೆ, ಪತ್ರಿಕೆಗಳಿಗೆ, ಹೋಟೆಲಿನವರಿಗೆ, ಪಾದ್ರಿಗಳಿಗೆ ರಾಶಿ ರಾಶಿ ಪತ್ರ ಬರೆದರು. ಬೇರೆ ಎಲ್ಲ ವಿಷಯದಲ್ಲೂ ಕಿತ್ತಾಡುತ್ತಿದ್ದ ಐರಿಷ್ ಸಂಸದರು ಈ ಒಂದಕ್ಕೆ ಒಟ್ಟಾಗಿ ಕೈಯೆತ್ತಿದರು. 1903ರ ಮಾರ್ಚಿನಲ್ಲಿ ಈ ಒಂದು ರೇಸಿಗಾಗಿಯೇ ಸಂಸತ್ತು ಕಾಯಿದೆ ಪಾಸು ಮಾಡಿತು.

ಆದರೆ ಐರ್ಲೆಂಡಿನ ರೇಸಿಗೆ ಮೊದಲು ಇನ್ನೊಂದು ರೇಸ್ ನಡೆಯಿತು. ಅದನ್ನು ಬಿಟ್ಟರೆ ಈ ಕಥೆ ಅರ್ಥವಾಗುವುದಿಲ್ಲ. 1903ರ ಮೇ 24ರಂದು ವೆರ್ಸೈಯಿಂದ ಹೊರಟ ಪ್ಯಾರಿಸ್–ಮ್ಯಾಡ್ರಿಡ್ ರೇಸ್ ಅದು.

ಹಿಂದಿನ ವರ್ಷ ಕಾರಿನ ತೂಕಕ್ಕೆ ಮಿತಿ ಹಾಕಿದ್ದರು, 1,000 ಕಿಲೋ. ವೇಗ ಕಡಿಮೆಯಾಗಲಿ ಎಂಬ ಆಸೆ. ಆದದ್ದೇ ಬೇರೆ. ಎಂಜಿನ್ ಚಿಕ್ಕದು ಮಾಡಲು ಯಾವ ಕಂಪನಿಯೂ ತಯಾರಿರಲಿಲ್ಲ. ಅದರ ಬದಲು ಚಾಸಿಯನ್ನು ತೆಳ್ಳಗೆ ಮಾಡಿದರು, ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ತೂತು ಕೊರೆದು ತೂಕ ಇಳಿಸಿದರು. ಅಗಾಧ ಎಂಜಿನ್, ಬಡಕಲು ದೇಹ, ಅಷ್ಟಕ್ಕಷ್ಟೇ ಬ್ರೇಕು. ರಸ್ತೆಯ ಎರಡೂ ಬದಿ ಲಕ್ಷಾಂತರ ಜನ, ಹಲವರು ರಸ್ತೆಯ ಮೇಲೆಯೇ. ಧೂಳು ಎಷ್ಟಿತ್ತೆಂದರೆ ಮುಂದಿನ ಕಾರು ಎಲ್ಲಿದೆ ಎಂದೇ ಹಿಂದಿನವರಿಗೆ ಕಾಣದು. ಮೊದಲ ದಿನವೇ ಚಾಲಕರು, ಮೆಕ್ಯಾನಿಕ್‌ಗಳು, ನೋಡಲು ಬಂದವರು ಎಂದು ಹಲವರು ಸತ್ತರು. ರೆನೋ ಕಂಪನಿ ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಮಾರ್ಸೆಲ್ ರೆನೋ ಕೂಡ ಅಂದಿನ ಅಪಘಾತದಲ್ಲಿ ಗಾಯಗೊಂಡು ಎರಡು ದಿನದ ಮೇಲೆ ತೀರಿಕೊಂಡರು. ಬೋರ್ಡೋದಲ್ಲಿ ಸರ್ಕಾರ ರೇಸನ್ನು ನಿಲ್ಲಿಸಿತು. ಕಾರುಗಳ ಎಂಜಿನ್ ಸ್ಟಾರ್ಟ್ ಮಾಡಲೂ ಬಿಡದೆ, ಕುದುರೆ ಕಟ್ಟಿ ಎಳೆಸಿ ರೈಲು ನಿಲ್ದಾಣಕ್ಕೆ ಸಾಗಿಸಿದರು. ಊರಿಂದ ಊರಿಗೆ ಓಡುವ ದೊಡ್ಡ ರೇಸುಗಳ ಕಾಲ ಅಲ್ಲಿಗೆ ಮುಗಿಯಿತು.

ಇದಾದ ಆರನೇ ವಾರಕ್ಕೆ, ಜುಲೈ 2ರಂದು, ಐರ್ಲೆಂಡಿನ ರೇಸ್. ಇಡೀ ಯುರೋಪು ಕಣ್ಣಿಟ್ಟು ನೋಡುತ್ತಿತ್ತು. ಇಲ್ಲೂ ಸಾವಾದರೆ ರಸ್ತೆ ರೇಸ್ ಎಂಬುದೇ ಉಳಿಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಇಲ್ಲಿ ದಾರಿಯನ್ನು ಸುತ್ತಾಗಿ ಮಾಡಿದ್ದರು. ಕಿಲ್‌ಡೇರ್ ಸೀಮೆಯ ಏಥೈ ಎಂಬ ಊರನ್ನು ನಡುವಿಟ್ಟು ಇಂಗ್ಲಿಷಿನ 8ರ ಆಕಾರದಲ್ಲಿ ಎರಡು ಸುತ್ತು. ರಸ್ತೆಗಳನ್ನು ಮುಚ್ಚಿ ಪೊಲೀಸರನ್ನೂ ಸೈನಿಕರನ್ನೂ ಕಾವಲು ಹಾಕಿದರು. ಕಾರುಗಳನ್ನು ಏಳೇಳು ನಿಮಿಷಕ್ಕೆ ಒಂದರಂತೆ ಬಿಟ್ಟರು. ಊರು ಬಂದ ಕಡೆಯಲ್ಲೆಲ್ಲ ರೇಸ್ ನಿಲ್ಲುತ್ತಿತ್ತು. ಊರ ಬಾಗಿಲಲ್ಲಿ ಕಾರನ್ನು ತಡೆದು ಚೀಟಿಯ ಮೇಲೆ ಸಮಯ ಬರೆದು, ಕಾರಿಗೆ ಕಟ್ಟಿದ್ದ ತಗಡಿನ ಪೆಟ್ಟಿಗೆಗೆ ಹಾಕುತ್ತಿದ್ದರು. ಆಮೇಲೆ ಒಬ್ಬ ಸೈಕಲ್ ಸವಾರ ಮುಂದೆ. ಅವನ ಹಿಂದೆ, ಅವನದೇ ವೇಗದಲ್ಲಿ, ಆ ದೊಡ್ಡ ಕಾರು. ಊರು ದಾಟಿದ ಮೇಲೆ ಮತ್ತೆ ಚೀಟಿ, ಮತ್ತೆ ಸಮಯ, ಆಮೇಲೆ ರೇಸ್. ಊರೊಳಗೆ ಕಳೆದ ಹೊತ್ತನ್ನು ಲೆಕ್ಕದಿಂದ ಕಳೆಯುತ್ತಿದ್ದರು.

ಬಣ್ಣಗಳೂ ನೋಡುವಂತಿದ್ದವು. ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಅಮೆರಿಕಕ್ಕೆ ಕೆಂಪು, ಬ್ರಿಟನ್ನಿಗೆ ಹಸಿರು. ಕಾರ್ ರೇಸಿನಲ್ಲಿ ಬ್ರಿಟನ್ನಿನ ಹಸಿರು, ಫ್ರಾನ್ಸಿನ ನೀಲಿ ಎಂದು ಈಗಲೂ ಹೇಳುತ್ತಾರಲ್ಲ, ಅದರ ಬೇರು ಈ ಕಪ್ಪಿನಲ್ಲಿದೆ.

ಜರ್ಮನಿಯದ್ದು ಬೇರೆಯೇ ಕಷ್ಟ. ಮರ್ಸಿಡಿಸ್ ಈ ರೇಸಿಗೆಂದೇ 90 ಅಶ್ವಶಕ್ತಿಯ ಕಾರುಗಳನ್ನು ಕಟ್ಟಿತ್ತು. ರೇಸಿಗೆ ಮೂರು ವಾರ ಇರುವಾಗ ಕಾನ್‌ಸ್ಟಾಟ್‌ನ ಕಾರ್ಖಾನೆಗೆ ಬೆಂಕಿ ಬಿದ್ದು ಅವು ಸುಟ್ಟುಹೋದವು. ಹೊಸದು ಕಟ್ಟಲು ಸಮಯವಿಲ್ಲ. ಕಂಪನಿ ತನ್ನ ಗಿರಾಕಿಗಳಿಗೆ ಮಾರಿದ್ದ 60 ಅಶ್ವಶಕ್ತಿಯ ಕಾರುಗಳನ್ನೇ ವಾಪಸು ಕೇಳಿ ಪಡೆಯಿತು. ಡಿನ್ಸ್‌ಮೋರ್ ಎಂಬ ಅಮೆರಿಕನ್ ಶ್ರೀಮಂತರು ತಮ್ಮ ಕಾರು ಕೊಟ್ಟರು. ಅದನ್ನು ಓಡಿಸಿದವರು ಬೆಲ್ಜಿಯಂನ ಕಮಿಲ್ ಜೆನಾತ್ಸಿ. ಕೆಂಪು ಗಡ್ಡದ ಈ ಮನುಷ್ಯನಿಗೆ 'ಕೆಂಪು ದೆವ್ವ' ಎಂದೇ ಹೆಸರು. 1899ರಲ್ಲಿ ಬ್ಯಾಟರಿ ಕಾರಿನಲ್ಲಿ ಗಂಟೆಗೆ 100 ಕಿಲೋಮೀಟರ್ ಮೀರಿದ ಮೊದಲ ಚಾಲಕ ಇವರೇ. ಐರ್ಲೆಂಡಿನಲ್ಲಿ ಸುಮಾರು 527 ಕಿಲೋಮೀಟರನ್ನು 6 ಗಂಟೆ 39 ನಿಮಿಷದಲ್ಲಿ ಓಡಿಸಿ ಗೆದ್ದರು. ಎರಡು, ಮೂರು, ನಾಲ್ಕನೇ ಸ್ಥಾನ ಫ್ರಾನ್ಸಿನವರಿಗೆ. ಯಾರೂ ಸಾಯಲಿಲ್ಲ.

ಗಮನಿಸಿ: ಗಿರಾಕಿ ದುಡ್ಡು ಕೊಟ್ಟು ಕೊಂಡ ಕಾರು, ರೇಸಿಗೆಂದೇ ಕಟ್ಟಿದ ಕಾರುಗಳನ್ನು ಸೋಲಿಸಿತ್ತು. ಮರ್ಸಿಡಿಸ್‌ಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಈ ಕಪ್ಪಿನ ಹಿಂದೆ ಓಡುತ್ತಿದ್ದದ್ದು ಬರೀ ದೇಶದ ಮರ್ಯಾದೆಯಲ್ಲ, ವ್ಯಾಪಾರ ಕೂಡ. ಇಲ್ಲಿಂದ ಮುಂದೆ ಫ್ರಾನ್ಸಿನ ಕಂಪನಿಗಳ ಸಿಟ್ಟು ಏರುತ್ತಾ ಹೋಯಿತು.

1904ರ ಜೂನ್ 17ರಂದು ಜರ್ಮನಿಯ ಟೌನಸ್ ಗುಡ್ಡಗಳಲ್ಲಿ ರೇಸ್. ಬಾಡ್ ಹೊಂಬುರ್ಗ್ ಹತ್ತಿರದ ಜಾಲ್‌ಬುರ್ಗ್ ಕೋಟೆಯ ಬಳಿ ಶುರು. ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಖುದ್ದಾಗಿ ಕೂತು ನೋಡಿದರು. ಹದಿನೆಂಟು ಕಾರು ಹೊರಟವು. ನಾಲ್ಕು ವರ್ಷದ ಹಿಂದಿನ ಐದು ಕಾರುಗಳನ್ನು ನೆನೆಸಿಕೊಂಡರೆ ಕಪ್ ಎಷ್ಟು ಬೆಳೆದಿತ್ತು ಎಂದು ತಿಳಿಯುತ್ತದೆ. ಇದೇ ಸಂದರ್ಭದಲ್ಲಿ ಹೊಂಬುರ್ಗ್‌ನಲ್ಲಿ ಸೇರಿದ್ದ ದೇಶ ದೇಶಗಳ ಕ್ಲಬ್ಬುಗಳು ಒಂದು ಒಕ್ಕೂಟ ಕಟ್ಟಿಕೊಂಡವು. ಈಗ ಫಾರ್ಮುಲಾ ಒನ್ ನಿಯಮ ಮಾಡುವ ಎಫ್‌ಐಎ ಅದರಿಂದಲೇ ಬೆಳೆದದ್ದು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬಂದೆವು. ಮೂರು ಜಾಗಕ್ಕಾಗಿ ಫ್ರಾನ್ಸಿನ ಕ್ಲಬ್ ಆರ್ದೆನ್ ಸೀಮೆಯಲ್ಲಿ ಆಯ್ಕೆ ರೇಸ್ ನಡೆಸಬೇಕಾಯಿತು. ಬಂದ ಕಾರು 29. ಎಲ್ಲ ಕಂಪನಿಗಳೂ ಹೊಸ ಕಾರು ಕಟ್ಟಲು ಹಣ ಸುರಿದಿದ್ದವು. ಮೂರು ಬಿಟ್ಟು ಉಳಿದವರಿಗೆ ಮನೆ ದಾರಿ.

ಅದೇ ವರ್ಷ ಮರ್ಸಿಡಿಸ್ ಏನು ಮಾಡಿತು ನೋಡಿ. ಜರ್ಮನಿಯ ಹೆಸರಿನಲ್ಲಿ ಎರಡು ಕಾರು ಇಳಿಸಿತು. ಆಸ್ಟ್ರಿಯಾದಲ್ಲಿ ಅದರದೇ ಕಾರ್ಖಾನೆಯಿತ್ತು. ಆಸ್ಟ್ರಿಯಾದ ಹೆಸರಿನಲ್ಲಿ ಇನ್ನೂ ಮೂರು ಮರ್ಸಿಡಿಸ್. ಒಟ್ಟು ಐದು. ಮರುವರ್ಷ ಎರಡೂ ದೇಶ ಸೇರಿ ಆರು. ಅಂದರೆ ಒಂದೇ ಕಂಪನಿಯ ಕಾರುಗಳು ಇಡೀ ಫ್ರಾನ್ಸಿನ ಎರಡರಷ್ಟು. ಫ್ರಾನ್ಸಿನ ದಾರಾಕ್ ಕಂಪನಿ ಕೂಡ ಈ ಕಿಂಡಿಯನ್ನು ಕಂಡುಕೊಂಡಿತು. ತನ್ನ ವಿನ್ಯಾಸದ ಕಾರನ್ನು ಜರ್ಮನಿಯಲ್ಲಿ ಓಪೆಲ್ ಕೈಲಿ, ಸ್ಕಾಟ್ಲೆಂಡಿನಲ್ಲಿ ವೇರ್ ಕೈಲಿ ಕಟ್ಟಿಸಿತು. 'ಎಲ್ಲ ಭಾಗವೂ ಅದೇ ದೇಶದ್ದು' ಎಂಬ ನಿಯಮವನ್ನು ಯಾರೂ ಮುರಿಯಲಿಲ್ಲ. ಆದರೆ ಅದರ ಉದ್ದೇಶ ಮಾತ್ರ ಮಣ್ಣುಪಾಲಾಯಿತು.

ಫ್ರಾನ್ಸಿನ ದೂರು ನ್ಯಾಯದ್ದೇ ಎಂದು ಇಲ್ಲಿ ನನಗೂ ಅನಿಸುತ್ತದೆ. ಆದರೆ ಇನ್ನೊಂದು ಬದಿಯಿಂದ ನೋಡಿ. ಫ್ರಾನ್ಸಿಗೆ ಬೇಕಾದಷ್ಟು ಜಾಗ ಕೊಟ್ಟಿದ್ದರೆ 1902ರಲ್ಲಿ ನೇಪಿಯರ್ ಗೆಲ್ಲುತ್ತಿತ್ತೇ? ಅವತ್ತು ಫ್ರಾನ್ಸಿನ ಮೂರು ಕಾರು ಕೆಟ್ಟವು, ಕಪ್ ಕೈತಪ್ಪಿತು. ಅದೇ ದಾರಿಯಲ್ಲಿ ಕಪ್ಪಿನ ಹೊರಗೆ ಓಡಿದ ಮಾರ್ಸೆಲ್ ರೆನೋ ತಮ್ಮ ಚಿಕ್ಕ ಕಾರಿನಲ್ಲಿ ವಿಯೆನ್ನಾಕ್ಕೆ ಎಲ್ಲರಿಗಿಂತ ಮೊದಲು ಮುಟ್ಟಿದ್ದರು. ಚಿಕ್ಕ ತಂಡಗಳಿಗೆ ಬಾಗಿಲು ತೆರೆದಿದ್ದೇ ಆ ಮೂರರ ನಿಯಮ.

ಟೌನಸ್‌ನಲ್ಲಿ ಗೆದ್ದವರು ಫ್ರಾನ್ಸಿನ ಲಿಯೋಂ ತೇರಿ, ರಿಶಾರ್–ಬ್ರಾಸಿಯೇ ಕಾರಿನಲ್ಲಿ. ಜೆನಾತ್ಸಿ ಎರಡನೆಯವರು. ಪ್ರತಿ ಸುತ್ತನ್ನೂ ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ ಮುಗಿಸುತ್ತಿದ್ದುದರಿಂದ ತೇರಿಗೆ 'ಗಡಿಯಾರ' ಎಂದು ಅಡ್ಡಹೆಸರು. ನನಗೆ ಈ ಕಪ್ಪಿನ ಚಾಲಕರಲ್ಲಿ ಅವರೇ ಹೆಚ್ಚು ಇಷ್ಟ. ಎರಡು ವರ್ಷದ ಆಯ್ಕೆ ರೇಸುಗಳು, ಎರಡು ವರ್ಷದ ಕಪ್, ನಾಲ್ಕನ್ನೂ ಗೆದ್ದರು. ಕ್ಷಯ ರೋಗದಿಂದ 1909ರಲ್ಲಿ, ಮೂವತ್ತೂ ತುಂಬದೆ ತೀರಿಕೊಂಡರು.

ತೇರಿ ಗೆದ್ದುದರಿಂದ 1905ರ ರೇಸ್ ಫ್ರಾನ್ಸಿನ ಪಾಲಿಗೆ ಬಂತು. ನಿಯಮ ಬದಲಿಸಲು ಇದೇ ಸಮಯ ಎಂದುಕೊಂಡರು. ಫ್ರಾನ್ಸಿಗೆ 15 ಕಾರು, ಬ್ರಿಟನ್ ಮತ್ತು ಜರ್ಮನಿಗೆ ಆರಾರು, ಉಳಿದವರಿಗೆ ಮೂರು ಮೂರು ಎಂಬ ಲೆಕ್ಕ ಮುಂದಿಟ್ಟರು. ಬೇರೆ ದೇಶಗಳು ಒಪ್ಪಲಿಲ್ಲ. ಕೊನೆಗೆ ಹಳೆಯ ನಿಯಮದಲ್ಲೇ ನಡೆಸಲು ಫ್ರಾನ್ಸ್ ಒಪ್ಪಿತು. ಜೊತೆಗೇ ಹೇಳಿಬಿಟ್ಟಿತು: ಈ ಸಲ ಗೆದ್ದರೂ ಸರಿ, ಸೋತರೂ ಸರಿ, ಇದೇ ಕೊನೆ.

ಕೊನೆಯ ರೇಸ್ ಜುಲೈ 5ರಂದು ಓವೆರ್ಞ್ ಬೆಟ್ಟಗಳಲ್ಲಿ, ಕ್ಲೆರ್ಮೋಂ–ಫೆರ‍್ರಾಂ ಸುತ್ತ. ಮಿಶೆಲಿನ್ ಟೈರಿನವರ ಊರದು. 137 ಕಿಲೋಮೀಟರಿನ ಸುತ್ತು, ನಾಲ್ಕು ಸಲ, ತಿರುವುಗಳಿಗೆ ಲೆಕ್ಕವಿಲ್ಲ. ಇಟಲಿಯ ಫಿಯಟ್ ತಂಡದ ವಿನ್ಚೆಂಜೊ ಲಾಂಚಿಯಾ ಮೊದಲು ಮುಂದಿದ್ದರು. ಕಲ್ಲೊಂದು ಸಿಡಿದು ರೇಡಿಯೇಟರ್ ತೂತಾಗಿ ನಿಂತರು. ತೇರಿ ತಮ್ಮ ಲಯ ಬಿಡದೆ ಬಂದು ಗೆದ್ದರು. ಎರಡು, ಮೂರನೇ ಸ್ಥಾನ ಫಿಯಟ್‌ಗೆ. ಹೇಳಿದಂತೆಯೇ ಫ್ರಾನ್ಸ್ ಮರುವರ್ಷ ಕಪ್ಪಿನ ರೇಸ್ ನಡೆಸಲಿಲ್ಲ.

ಅದರ ಜಾಗಕ್ಕೆ ಬಂದದ್ದೇ ನೀವು ಹೇಳಿದ 1906ರ ಗ್ರ್ಯಾನ್ ಪ್ರಿ. ಜೂನ್ 26, 27ರಂದು ಲ ಮಾಂ ಊರಿನ ಬಳಿ, ಎರಡು ದಿನದಲ್ಲಿ 12 ಸುತ್ತು. ದೇಶದ ಲೆಕ್ಕ ಹೋಯಿತು, ಕಂಪನಿಯ ಲೆಕ್ಕ ಬಂತು: ಒಂದು ಕಂಪನಿಗೆ ಮೂರು ಕಾರು. ಇದು ಫ್ರಾನ್ಸಿಗೆ ಅನುಕೂಲವಾಗುವಂತೆ ಮಾಡಿದ ನಿಯಮ ಎಂದು ಬ್ರಿಟನ್ನಿನವರು ಬರಲೇ ಇಲ್ಲ. ಗೆದ್ದದ್ದು ರೆನೋ. ಓಡಿಸಿದವರು ಹಂಗೇರಿ ಮೂಲದ ಫೆರೆನ್ಸ್ ಸಿಸ್. ಮಿಶೆಲಿನ್ ಮಾಡಿದ್ದ ಕಳಚಿ ಹಾಕುವ ರಿಮ್ ಇದ್ದುದರಿಂದ ಅವರ ಟೈರು ಬದಲಾವಣೆ ಕೆಲವೇ ನಿಮಿಷದ ಕೆಲಸವಾಯಿತು. ಆ ರಿಮ್ ಇಲ್ಲದವರು ಟೈರನ್ನು ಚಾಕುವಿನಿಂದ ಕೊಯ್ದು ತೆಗೆದು ಹೊಸದನ್ನು ಎಳೆದು ಕೂರಿಸಬೇಕಿತ್ತು.

ಆದರೆ ಮುಂದಿನ ವರ್ಷ, 1907ರಲ್ಲಿ, ಗ್ರ್ಯಾನ್ ಪ್ರಿ ಗೆದ್ದದ್ದು ಫಿಯಟ್. 1908ರಲ್ಲಿ ಮರ್ಸಿಡಿಸ್. ಆಮೇಲೆ 1912ರವರೆಗೆ ಫ್ರಾನ್ಸ್ ಗ್ರ್ಯಾನ್ ಪ್ರಿಯನ್ನೇ ನಡೆಸಲಿಲ್ಲ. ಜಾಗ ಜಾಸ್ತಿ ಸಿಕ್ಕರೆ ಗೆಲುವು ತಮ್ಮದೇ ಎಂಬ ಫ್ರಾನ್ಸಿನ ಲೆಕ್ಕ ಎರಡೇ ವರ್ಷದಲ್ಲಿ ಕೆಟ್ಟಿತ್ತು. ಮೂರು ಮೂರು ಕಾರಿನ ಆರು ವರ್ಷದಲ್ಲಿ ಇಟಲಿ, ಜರ್ಮನಿಯವರು ಕೆಲಸ ಕಲಿತುಬಿಟ್ಟಿದ್ದರು.

ಕೊನೆಯದಾಗಿ ರಸ್ತೆಗಳು. ಹೋಗುವುದಾದರೆ ಐರ್ಲೆಂಡಿಗೆ ಹೋಗಿ. ಕಿಲ್‌ಡೇರ್, ಲೀಶ್, ಕಾರ್ಲೊ ಸೀಮೆಗಳಲ್ಲಿ 1903ರ ದಾರಿಗೆ ಗೋರ್ಡನ್ ಬೆನೆಟ್ ಹೆಸರಿನ ಫಲಕಗಳನ್ನು ಹಾಕಿದ್ದಾರೆ. ಬಾಡಿಗೆ ಕಾರಿನಲ್ಲಿ ಒಂದು ದಿನದಲ್ಲಿ ಸುತ್ತಬಹುದು. ಜರ್ಮನಿಯಲ್ಲಾದರೆ ಜಾಲ್‌ಬುರ್ಗ್‌ಗೆ ಹೋಗಿ. ಮತ್ತೆ ಕಟ್ಟಿ ನಿಲ್ಲಿಸಿದ ರೋಮನ್ ಕೋಟೆ ಅದು, ಅದನ್ನೂ ನೋಡಿದಂತಾಗುತ್ತದೆ. ಓವೆರ್ಞ್ ಸುತ್ತು ಉದ್ದ ಜಾಸ್ತಿ, ತಿರುವೂ ಜಾಸ್ತಿ, ಅದಕ್ಕೆ ಬೆಳಿಗ್ಗೆ ಬೇಗ ಹೊರಡಿ.